ಕಡಾಯಿಯೊಳಗಿನ ಎರಡನೆಯ ಹೊಡೆತ

ಸ್ಕಾರ್‌ಹೇವನ್ ಎಂಬ ಕಡಲೂರಿನ ಮೀನಿನ ಶೆಡ್ಡಿನಲ್ಲಿ ಡೇವಿನಾ ಪೀಟ್ರಿಯ ಕೈವೇಗಕ್ಕೆ ಸಾಟಿಯಿರಲಿಲ್ಲ. ಹ್ಯಾಡಕ್ ಮೀನೊಂದನ್ನು ಹಲಗೆಯ ಮೇಲೆಳೆದು, ಎರಡು ಬದಿಯ ಮಾಂಸವನ್ನು ಎರಡೇ ಸೀಳಿನಲ್ಲಿ ಬಿಡಿಸಿ, ಮುಳ್ಳಿನ ಹಂದರವನ್ನು ತೊಟ್ಟಿಗೆಸೆಯುವಷ್ಟರಲ್ಲಿ ಅವಳ ಎಡಗೈ ಮುಂದಿನ ಮೀನಿನ ಬಾಲವನ್ನು ಹಿಡಿದಿರುತ್ತಿತ್ತು. ಹದಿನೆಂಟನೆಯ ವಯಸ್ಸಿನಲ್ಲಿ ಆ ಹಲಗೆಯ ಮುಂದೆ ನಿಂತವಳು ನಲವತ್ತೊಂಬತ್ತಾದರೂ ಅಲ್ಲಿಯೇ ನಿಂತಿದ್ದಳು. ನಿಂತಿದ್ದಳು ಎನ್ನುವುದು ಬರಿಯ ಮಾತಿಗೆ. ಡೇವಿನಾ ಒಂದೆಡೆ ನಿಂತದ್ದನ್ನು ಕಂಡವರು ಊರಿನಲ್ಲಿ ಕಡಿಮೆ. ಚಹಾವನ್ನು ಅವಳು ಅಡುಗೆಮನೆಯಲ್ಲಿ ಓಡಾಡುತ್ತ ಕುಡಿಯುತ್ತಿದ್ದಳು. ಚರ್ಚಿನಲ್ಲಿ ಉಪದೇಶ ಉದ್ದವಾದರೆ ಅವಳ ಬಲಮೊಣಕಾಲು ಕುಣಿಯತೊಡಗಿ, ಆ ಬೆಂಚಿನ ಮೇಲಿದ್ದ ಐದೂ ಜನ ಸಣ್ಣಗೆ ನಡುಗುತ್ತಿದ್ದರು.

"ಬಿರುಗಾಳಿಯಲ್ಲಿ ನನ್ನ ದೋಣಿ ಕೂಡ ಇಷ್ಟು ಅಲ್ಲಾಡಿರಲಿಲ್ಲ ಕಣೇ" ಎನ್ನುತ್ತಿದ್ದ ಗಂಡ ಹ್ಯೂಯಿ. ದೋಣಿ ಮಾರಿದ ಮೇಲೆ ಅವನು ಹಿತ್ತಿಲ ಕೊಟ್ಟಿಗೆಯಲ್ಲಿ ಕೂತು ನಳ್ಳಿ ಹಿಡಿಯುವ ಬುಟ್ಟಿಗಳನ್ನು ಹೆಣೆಯುತ್ತಿದ್ದ. ಮನೆಯಲ್ಲಿ ಕೂರುವ ಪಾಲನ್ನೆಲ್ಲ ಅವನೊಬ್ಬನೇ ತೆಗೆದುಕೊಂಡಂತಿತ್ತು.

ಶನಿವಾರ ಮಧ್ಯಾಹ್ನ ಶೆಡ್ಡಿನ ಬಾಗಿಲು ಮುಚ್ಚಿದೊಡನೆ ಡೇವಿನಾ ಕೈಗೆ ನಿಂಬೆಹಣ್ಣು ಉಜ್ಜಿ ಮೀನಿನ ವಾಸನೆ ಕಳೆದುಕೊಂಡು, ಗಾಲ್ಫ್ ಕೋಲುಗಳ ಚೀಲವನ್ನು ಹೆಗಲಿಗೇರಿಸಿ ಸಮುದ್ರದಂಚಿನ ಮರಳುದಿಬ್ಬಗಳ ಬಯಲಿಗೆ ಹೋಗುತ್ತಿದ್ದಳು. ಅಲ್ಲಿ ಕಟುಕನೂ ಆಡುತ್ತಿದ್ದ, ಪಾದ್ರಿಯೂ ಆಡುತ್ತಿದ್ದ, ಹೆರಿಗೆ ಮಾಡಿಸುವ ನರ್ಸಮ್ಮ ಹೆರಿಗೆಗಳ ನಡುವೆ ಬಿಡುವಾದಾಗ ಬಂದು ಒಂಬತ್ತು ಕುಳಿ ಮುಗಿಸಿ ಹೋಗುತ್ತಿದ್ದಳು. ಡೇವಿನಾಳ ಆಟ ಹದಿನೈದು ವರ್ಷಗಳಿಂದ ಒಬ್ಬಳ ಜೊತೆಗೇ: ಬೆತಿಯಾ ವಾಟ್. ಶೆಡ್ಡಿನಲ್ಲಿ ಮೇಲ್ವಿಚಾರಕಿಯಾಗಿದ್ದು ನಿವೃತ್ತಳಾದ ಅರವತ್ತಾರರ ಹೆಂಗಸು. ಡೇವಿನಾಳ ಕೈಗೆ ಮೊದಲ ಚಾಕು ಕೊಟ್ಟವಳೂ ಅವಳೇ, ಮೊದಲ ಗಾಲ್ಫ್ ಕೋಲು ಕೊಟ್ಟವಳೂ ಅವಳೇ. ಇಬ್ಬರೂ ಆಡುತ್ತಿದ್ದುದು ಜೋಡಿಯಾಟ. ಇಬ್ಬರಿಗೂ ಸೇರಿ ಒಂದೇ ಚೆಂಡು. ಒಂದು ಹೊಡೆತ ಒಬ್ಬಳದಾದರೆ ಮುಂದಿನದು ಇನ್ನೊಬ್ಬಳದು. ಅದರಲ್ಲಿ ನೀನು ಕೆಡಿಸಿದ್ದನ್ನು ಸರಿಪಡಿಸಬೇಕಾದವಳು ನಿನ್ನ ಜೊತೆಗಾತಿ. ಆದ್ದರಿಂದ ಆ ಊರಿನಲ್ಲಿ ಮದುವೆಯ ಜೋಡಿಗಿಂತ ಆಟದ ಜೋಡಿಯನ್ನು ಜನ ಹೆಚ್ಚು ಯೋಚಿಸಿ ಆರಿಸಿಕೊಳ್ಳುತ್ತಿದ್ದರು.

ಪ್ರತಿ ಸೆಪ್ಟೆಂಬರಿನಲ್ಲಿ ನೆರೆಯ ಪೋರ್ಟ್ ಎಲಿಕ್ಕಿನ ಹೆಂಗಸರೊಂದಿಗೆ ಪಂದ್ಯ. ಬೆಳ್ಳಿಯ ಬಟ್ಟಲಿಲ್ಲ, ಪದಕವಿಲ್ಲ. ಆಟ ಮುಗಿದ ಮೇಲೆ ಸೋತ ಜೋಡಿ ಏಪ್ರನ್ ಕಟ್ಟಿಕೊಂಡು, ತನ್ನನ್ನು ಗೆದ್ದ ಜೋಡಿಗೂ ಅವರ ಮನೆಯವರಿಗೂ ಚಹಾ ಬಗ್ಗಿಸಿ ಬಡಿಸಬೇಕು. ಅಷ್ಟೇ. ಆ ಏಪ್ರನ್ನಿಗೆ ಹೆದರಿ ಹಿಂದಿನ ರಾತ್ರಿ ಊಟ ಬಿಟ್ಟವರಿದ್ದರು.

ಸಾವಿರದ ಒಂಬೈನೂರ ಎಂಬತ್ತಾರರ ಏಪ್ರಿಲ್‌ನಲ್ಲಿ ಡೇವಿನಾಳ ಚಿಪ್ ಹೊಡೆತ ಕೆಟ್ಟಿತು.

ದೂರದ ಹೊಡೆತಗಳಿಗೆ ಏನೂ ಆಗಿರಲಿಲ್ಲ. ಬೀಸಿ ಹೊಡೆಯುವಲ್ಲಿ ಅವಳ ಚಡಪಡಿಕೆಯೇ ಬಲವಾಗಿ ಚೆಂಡಿನೊಳಗೆ ಇಳಿಯುತ್ತಿತ್ತು. ಆದರೆ ಕುಳಿಯ ಸುತ್ತಲಿನ ನುಣ್ಣನೆಯ ಹುಲ್ಲು, ಅವರು ಗ್ರೀನ್ ಎನ್ನುವುದು, ಇಪ್ಪತ್ತು ಹೆಜ್ಜೆ ದೂರವಿದ್ದಾಗ, ಚೆಂಡನ್ನು ಮೆಲ್ಲನೆ ಎತ್ತಿ ಹಾಕಿ ಉರುಳಿಸಬೇಕಾದ ಆ ಪುಟ್ಟ ಹೊಡೆತದಲ್ಲಿ, ಅವಳ ಮಣಿಕಟ್ಟು ಅವಳ ಮಾತು ಕೇಳುವುದನ್ನು ಬಿಟ್ಟಿತು. ಕೊನೆಯ ಗಳಿಗೆಯಲ್ಲಿ ಅದು ಮೀನಿನಂತೆ ಮಿಡುಕುತ್ತಿತ್ತು. ಆಗ ಕೋಲು ಒಂದೋ ಚೆಂಡಿನ ಹಿಂದಿನ ನೆಲಕ್ಕೆ ಬಡಿದು ಹೆಂಟೆ ಕಿತ್ತು, ಚೆಂಡು ಎರಡಡಿ ತೆವಳಿ ನಿಲ್ಲುತ್ತಿತ್ತು. ಇಲ್ಲವೇ ಕೋಲಿನ ಅಂಚು ಚೆಂಡಿನ ನಡುಮಧ್ಯಕ್ಕೆ ತಾಗಿ, ಅದು ಗುಂಡಿನಂತೆ ಗ್ರೀನನ್ನು ದಾಟಿ ಆಚೆಯ ಪೊದೆಗೆ ನುಗ್ಗುತ್ತಿತ್ತು. ಪೊದೆಯಿಂದ ಹೊಡೆಯಬೇಕಾದವಳು ಬೆತಿಯಾ. ಎಡಸೊಂಟ ಸವೆದುಹೋಗಿದ್ದ ಬೆತಿಯಾ ಮುಳ್ಳಿನ ನಡುವೆ ಕಾಲೂರಲು ಜಾಗ ಹುಡುಕುತ್ತಿದ್ದರೆ, ಡೇವಿನಾ ನಾಲ್ಕು ಹೆಜ್ಜೆ ಆಚೆ, ನಾಲ್ಕು ಹೆಜ್ಜೆ ಈಚೆ ತಿರುಗಾಡುತ್ತಿದ್ದಳು.

ಸುದ್ದಿ ಒಂದೇ ವಾರದಲ್ಲಿ ಊರೆಲ್ಲ ಹಬ್ಬಿತು, ಔಷಧವೂ ಅಷ್ಟೇ ಬೇಗ ಬಂತು. ಕಟುಕ ಕೈಮಾದ ಪೊಟ್ಟಣ ಕಟ್ಟುತ್ತ, "ಉಸಿರು ಬಿಗಿಹಿಡಿದು ಹೊಡಿ ಡೇವಿನಾ" ಎಂದ. ನರ್ಸಮ್ಮ ರಸ್ತೆಯ ಆ ಬದಿಯಿಂದಲೇ, "ಉಸಿರು ಬಿಡ್ತಾ ಹೊಡಿಯೇ! ಹೆರಿಗೆ ಥರ!" ಎಂದು ಕೂಗಿದಳು. ಭಾನುವಾರ ಚರ್ಚಿನ ಬಾಗಿಲಲ್ಲಿ ಪಾದ್ರಿ ಅವಳ ಕೈ ಕುಲುಕಿ, "ದೇವರು ನಿಮ್ಮ ಜೊತೆಗಿರಲಿ, ಶ್ರೀಮತಿ ಪೀಟ್ರಿ" ಎಂದವನು ದನಿ ತಗ್ಗಿಸಿ, "ಕೈ ಚೆಂಡಿಗಿಂತ ಮುಂದಿರಲಿ" ಎಂದು ಸೇರಿಸಿದ. ಡೇವಿನಾ ಯಾವ ಸಲಹೆಯನ್ನೂ ಬಿಡಲಿಲ್ಲ, ಯಾವುದನ್ನೂ ಮೂರು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಲೂ ಇಲ್ಲ.

ಬದಲಾಗಿ ಅವಳು ದುಡಿದಳು. ಅವಳಿಗೆ ಗೊತ್ತಿದ್ದ ಪರಿಹಾರ ಅದೊಂದೇ. ಮನೆಗಳ ಹಿಂದೆ ಎಲ್ಲರೂ ಬಟ್ಟೆ ಒಣಹಾಕುವ ಹುಲ್ಲಿನ ಜಾಗಕ್ಕೆ ಮೀನಿನ ಬಕೆಟ್ಟಿನ ತುಂಬ ನಲವತ್ತು ಹಳೆಯ ಚೆಂಡುಗಳನ್ನು ಹೊತ್ತು ತಂದು, ಶೆಡ್ಡಿನಿಂದ ಬಂದ ಬಟ್ಟೆಯಲ್ಲೇ ಹೊಡೆಯಲು ನಿಲ್ಲುತ್ತಿದ್ದಳು. ಎಡಗೈ ಬಕೆಟ್ಟಿಗೆ, ಚೆಂಡು ನೆಲಕ್ಕೆ, ಹೊಡೆತ, ಎಡಗೈ ಬಕೆಟ್ಟಿಗೆ. ಹೋದ ಚೆಂಡು ಎಲ್ಲಿ ನಿಂತಿತೆಂದು ನೋಡುವ ಮೊದಲೇ ಮುಂದಿನದು ಕಾಲ ಬಳಿ ಇರುತ್ತಿತ್ತು.

"ನನ್ನ ಹೊದಿಕೆಗೆ ಸೀಲು ಒತ್ತೋಕೆ ನಿನಗೆ ಯಾರೇ ಹೇಳಿದ್ದು?" ಎಂದು ಪಕ್ಕದ ಮನೆಯ ಶ್ರೀಮತಿ ಡಫಸ್ ಒದ್ದೆ ಹೊದಿಕೆಯ ನಡುವಿನಲ್ಲಿ ಮೂಡಿದ್ದ ಗುಂಡನೆಯ ಮಣ್ಣಿನ ಗುರುತನ್ನು ಎತ್ತಿ ತೋರಿಸಿದಳು.

"ಒಗೆದು ಕೊಡ್ತೀನಿ, ಕೊಡಿ."

"ಬೇಡ ತಾಯಿ. ನೀನು ಒಗೆಯೋಕೆ ಕೂತರೆ ಬಟ್ಟೆ ಹರಿದೇ ಹೋಗುತ್ತೆ."

ಕೊಟ್ಟಿಗೆಯಿಂದ ಹ್ಯೂಯಿಯ ನಗು ಕೇಳಿಸಿತು. "ಲೇ, ಆ ಬಕೆಟ್ಟನ್ನೇ ಮದುವೆ ಆಗಬೇಕಿತ್ತು ನೀನು. ನಾನು ಬಕೆಟ್ಟಾಗಿದ್ದರೆ ದಿನಕ್ಕೊಂದು ಗಂಟೆಯಾದರೂ ನಿನ್ನ ಮುಖ ಕಾಣ್ತಿತ್ತು."

ಜೂನ್‌ನ ಒಂದು ಸಂಜೆ ಬೆತಿಯಾ ಊರುಗೋಲು ಹಿಡಿದು ಆ ಹುಲ್ಲಿಗೆ ಬಂದಳು. ಬಟ್ಟೆ ಕಟ್ಟುವ ಕಂಬಕ್ಕೆ ಒರಗಿ, ಹತ್ತು ಹೊಡೆತ ಮುಗಿಯುವವರೆಗೂ ನೋಡಿದಳು. ಶೆಡ್ಡಿನಲ್ಲೂ ಹಾಗೆಯೇ ಬೆನ್ನ ಹಿಂದೆ ನಿಲ್ಲುತ್ತಿದ್ದಳು.

"ಎಷ್ಟು ಚೆಂಡಿದೆ ಅದರಲ್ಲಿ?"

"ನಲವತ್ತು."

"ಪಂದ್ಯದ ದಿನ ಎಷ್ಟಿರುತ್ತೆ?"

ಡೇವಿನಾ ಕೋಲನ್ನು ಕೈಯಿಂದ ಕೈಗೆ ಬದಲಿಸಿದಳು. "ಒಂದು."

"ಹೂಂ. ಆ ಬಕೆಟ್ ಅತ್ತ ಇಡು. ಕಾಲು ಹತ್ತಿರ ತಗೋ. ಇನ್ನೂ ಹತ್ತಿರ. ಭಾರ ಎಡಗಾಲಿನ ಮೇಲೆ. ಚೆಂಡು ಬಲಗಾಲಿನ ತುದಿಗೆ. ಏನದು ಕೈಯಲ್ಲಿ? ಆ ಅಗಲ ಮೂತಿಯ ಕೋಲು ಯಾಕೆ? ಏಳನೇ ನಂಬರಿನದು ತಗೋ."

"ಅದರಲ್ಲಿ ಚೆಂಡು ಮೇಲಕ್ಕೆ ಏಳಲ್ಲ, ಬೆತಿಯಾ."

"ಏಳೋದು ಯಾಕೆ ಬೇಕು? ಈ ಗಾಳಿಯಲ್ಲಿ ಮೇಲೆ ಹೋದದ್ದು ನಾರ್ವೆಗೆ ಹೋಗಿ ಬೀಳುತ್ತೆ. ಮುಂದೆ ಒಂದು ಹುಲ್ಲಿನೆಸಳು ಆರಿಸ್ಕೋ. ಚೆಂಡು ಅಲ್ಲಿ ಬೀಳಲಿ, ಅಲ್ಲಿಂದಾಚೆ ತಾನೇ ಓಡಿ ಹೋಗಲಿ. ಮಣಿಕಟ್ಟು ಅಲ್ಲಾಡಬಾರದು. ಹೊಸಿಲು ಉಜ್ತೀಯಲ್ಲ, ಹಾಗೆ, ಭುಜದಿಂದ. ನೀನು ಅದನ್ನ ಚಮಚದಲ್ಲಿ ಎತ್ತೋಕೆ ಹೋಗ್ತಿದೀಯ. ಎತ್ತೋದು ಕೋಲಿನ ಕೆಲಸ ಕಣೇ ಹುಡುಗಿ, ನಿಂದಲ್ಲ."

ಡೇವಿನಾ ಹೊಡೆದಳು. ಚೆಂಡು ಮೊಣಕಾಲೆತ್ತರ ಹಾರಿ, ಬಿದ್ದು, ವಿಧೇಯವಾಗಿ ಉರುಳಿ ಹೋಗಿ ಶ್ರೀಮತಿ ಡಫಸ್‌ಳ ಕಂಬದ ಬುಡದಲ್ಲಿ ನಿಂತಿತು. ಅವಳ ಎಡಗೈ ಆಗಲೇ ಬಕೆಟ್ಟಿನತ್ತ ಚಾಚಿತ್ತು. ಬೆತಿಯಾ ಊರುಗೋಲಿನಿಂದ ಆ ಕೈಯನ್ನು ತಡೆದಳು.

"ಅಲ್ಲ. ಈಗ ಅದರ ಹಿಂದೆ ನಡಿ. ಎತ್ಕೊಂಡು ಬಾ. ಆಮೇಲೆ ಇನ್ನೊಂದು."

"ಹೀಗಾದರೆ ಗಂಟೆಗೆ ಹತ್ತೂ ಆಗಲ್ಲ."

"ಹತ್ತೇ ಸಾಕು. ನಿನ್ನ ಕೈಗೆ ಎರಡನೇ ಚೆಂಡಿನ ಆಸೆ ಹತ್ತಿದೆ. ಅದಕ್ಕೇ ಮೊದಲನೇದರ ಮೇಲೆ ಗಮನ ಇಲ್ಲ." ಆಮೇಲೆ ಬೆತಿಯಾ ತಾನು ಬಂದ ಕಾರಣವನ್ನು ಹೇಳಿದಳು. "ಕೇಳು. ಅಕ್ಟೋಬರ್‌ನಲ್ಲಿ ಸೊಂಟದ ಆಪರೇಷನ್. ಆಮೇಲೆ ಆಡ್ತೀನೋ ಇಲ್ವೋ ಡಾಕ್ಟರಿಗೂ ಗೊತ್ತಿಲ್ಲ. ಈ ಸೆಪ್ಟೆಂಬರಿನದು ನನ್ನ ಕೊನೇ ಪಂದ್ಯ ಅಂತಲೇ ಇಟ್ಕೋ. ಪೊದೆ ಹತ್ತಿ ಇಳಿಯೋಕೆ ನನ್ನ ಕೈಲಾಗಲ್ಲ. ಆಗಸ್ಟ್ ಕೊನೆಗೆ ನಿನ್ನ ಚಿಪ್ ಸರಿಹೋಗಲಿಲ್ಲ ಅಂದ್ರೆ ರೋನಾನ ಕೇಳ್ತೀನಿ."

ರೋನಾ ಬ್ಯಾಂಕಿನ ಹುಡುಗಿ. ಅಬರ್ಡೀನಿನಿಂದ ಬಂದು ಎರಡು ವರ್ಷವಾಗಿತ್ತು. ಚೆಂಡಿನ ಮುಂದೆ ನಿಂತರೆ ಅಂಗಡಿಯ ಗಾಜಿನೊಳಗಿನ ಗೊಂಬೆ. ಹೊಡೆದ ಮೇಲೂ ಗೊಂಬೆಯೇ.

"ರೋನಾನ್ನೇ ಕೇಳಿ" ಎಂದಳು ಡೇವಿನಾ, ಕೆಳಗೆ ನೋಡುತ್ತ. "ಇಲ್ಲ, ಅವಳನ್ನ ಕೇಳಬೇಡಿ. ಸರಿ ಮಾಡ್ತೀನಿ."

ಎರಡು ದಿನ ಡೇವಿನಾ ಬೆತಿಯಾಳ ಮಾತಿನಂತೆ ನಡೆದಳು: ಒಂದು ಚೆಂಡು, ಅದರ ಹಿಂದೆ ನಡಿಗೆ, ಮತ್ತೆ ಅದೇ ಚೆಂಡು. ನಡೆಯುವಾಗ ಅಂಗಾಲಿನಲ್ಲಿ ಇರುವೆ ಹರಿದಂತಾಗುತ್ತಿತ್ತು. ಖಾಲಿ ಎಡಗೈ ಏಪ್ರನ್ನಿನ ಅಂಚನ್ನು ಹಿಂಡುತ್ತಿತ್ತು. ಕೆಟ್ಟ ಹೊಡೆತವೊಂದರ ಹಿಂದೆ ಹದಿನೈದು ಹೆಜ್ಜೆ ನಡೆಯುವುದೆಂದರೆ ಅದನ್ನು ಹದಿನೈದು ಸಲ ನೆನೆದಂತೆ. ಮೂರನೆಯ ದಿನ ಬಕೆಟ್ಟು ಮತ್ತೆ ಬಂತು. ನಿಲುವು ಬೆತಿಯಾ ಹೇಳಿದ್ದು, ಕೋಲು ಬೆತಿಯಾ ಹೇಳಿದ್ದು, ಭುಜ ಬೆತಿಯಾ ಹೇಳಿದ್ದು. ವೇಗ ಮಾತ್ರ ಶೆಡ್ಡಿನದು. ದಿನಕ್ಕೆ ಇನ್ನೂರು. ಒಂದು ಕೆಟ್ಟರೆ ಅದರ ಬೆನ್ನಿಗೇ ಇನ್ನೊಂದು, ಕೆಟ್ಟದ್ದು ನೆನಪಿನಲ್ಲಿ ತಳವೂರುವ ಮೊದಲೇ. ಹಾಗೆ ಹೊಡೆದಾಗ ಎರಡನೆಯದು ಯಾವಾಗಲೂ ಚೆನ್ನಾಗಿ ಬರುತ್ತಿತ್ತು. ಅದರಲ್ಲೇನೋ ಎಚ್ಚರಿಕೆಯಿರಬೇಕೆಂದು ಅವಳಿಗೆ ಆಗ ಹೊಳೆಯಲಿಲ್ಲ.

ಆಗಸ್ಟ್ ಕೊನೆಯ ಶನಿವಾರ ಬೆತಿಯಾ ಒಂಬತ್ತನೆಯ ಗ್ರೀನಿನ ಬಳಿ ಐದು ಬೇರೆಬೇರೆ ಜಾಗಗಳಲ್ಲಿ ಚೆಂಡಿಟ್ಟಳು. ಡೇವಿನಾ ಹೊಡೆದವುಗಳಲ್ಲಿ ನಾಲ್ಕು, ಕುಳಿಯಿಂದ ಒಂದು ಕೋಲಿನಳತೆಯೊಳಗೆ ನಿಂತವು. ಐದನೆಯದು ಹೆಂಟೆ ಕಿತ್ತಿತು. ಬೆತಿಯಾ ಆ ಹೆಂಟೆಯನ್ನು ಕಾಲಿನಿಂದ ಮತ್ತೆ ಕೂರಿಸುತ್ತ, "ಪಂದ್ಯ ಹತ್ತೊಂಬತ್ತನೇ ತಾರೀಕು. ಎಂಟೂವರೆಗೆ ಬಾ. ತಿಂದು ಬಾ" ಎಂದಳು. ಡೇವಿನಾ ಮನೆಯವರೆಗೂ ಓಡುತ್ತಲೇ ಹೋದಳು. ಚೀಲದೊಳಗಿನ ಕೋಲುಗಳು ಊರೆಲ್ಲ ಗಡಗಡಿಸಿದವು.

ಪಂದ್ಯದ ದಿನ ಗಾಳಿ ಸಮುದ್ರದ ಕಡೆಯಿಂದ ಓರೆಯಾಗಿ ಬೀಸುತ್ತಿತ್ತು. ಎದುರಾಳಿಗಳು ಪೋರ್ಟ್ ಎಲಿಕ್ಕಿನ ಔಷಧದಂಗಡಿಯ ಶ್ರೀಮತಿ ಆಗ್ನ್ಯೂ ಮತ್ತು ಅವಳ ತಂಗಿ ಲೀಬಿ. ಬೆತಿಯಾಳ ಚೀಲ ಹೊರಲು ರೋನಾಳೇ ಬಂದಿದ್ದಳು. ಅವಳ ಅಲುಗದ ಮುಖವನ್ನು ಕಂಡಾಗಲೆಲ್ಲ ಡೇವಿನಾ ಹೆಜ್ಜೆಯನ್ನು ಇನ್ನಷ್ಟು ಬಿರುಸು ಮಾಡುತ್ತಿದ್ದಳು. ಆದರೂ ಆ ದಿನ ಮಣಿಕಟ್ಟು ಮಾತು ಕೇಳಿತು. ನಾಲ್ಕನೆಯ ಕುಳಿಯಲ್ಲಿ ಒಂದು, ಹನ್ನೊಂದರಲ್ಲಿ ಒಂದು, ಹದಿನಾಲ್ಕರಲ್ಲಿ ಒಂದು: ಮೂರು ಸಲ ಚಿಪ್ ಮಾಡಬೇಕಾಗಿ ಬಂತು, ಮೂರೂ ಸಲ ಚೆಂಡು ನೆಲ ಹಿಡಿದು ಓಡಿ ಕುಳಿಯ ಹತ್ತಿರ ಹೋಯಿತು. "ಹೊಸಿಲು ಹೊಳೀತಿದೆ" ಎಂದಳು ಬೆತಿಯಾ, ಒಮ್ಮೆ ಮಾತ್ರ. ಹದಿನೇಳು ಕುಳಿ ಮುಗಿದಾಗ ಎರಡೂ ಜೋಡಿ ಗೆದ್ದ ಕುಳಿಗಳು ಸಮಸಮ.

ಹದಿನೆಂಟನೆಯ, ಕೊನೆಯ ಕುಳಿಯಲ್ಲಿ ಎದುರಾಳಿಗಳ ಚೆಂಡು ಮರಳಗುಂಡಿಗೆ ಬಿದ್ದು, ಅವರು ಒದ್ದಾಡಿ ಆರು ಹೊಡೆತಗಳಲ್ಲಿ ಮುಗಿಸಿದರು. ಇತ್ತ ಜೋಡಿಯ ಮೂರನೆಯ ಹೊಡೆತವನ್ನು, ಬೆತಿಯಾ ಹೊಡೆದದ್ದನ್ನು, ಗಾಳಿ ತಳ್ಳಿತು. ಚೆಂಡು ಗ್ರೀನಿನ ಅಂಚು ಮುಟ್ಟಿ, ಒಂದು ಕ್ಷಣ ಅನುಮಾನಿಸಿ, ಎಡಕ್ಕೆ ಜಾರಿ ಕಡಾಯಿಗೆ ಇಳಿಯಿತು. ಗ್ರೀನಿನ ಮಗ್ಗುಲಲ್ಲಿ ಆಳೆತ್ತರ ಇಳಿದಿದ್ದ ದುಂಡನೆಯ ಹಳ್ಳಕ್ಕೆ ಅಜ್ಜಂದಿರ ಕಾಲದಿಂದಲೂ ಅದೇ ಹೆಸರು. ಅದರೊಳಗಿಳಿದವರಿಗೆ ಮೇಲಿನವರು ಕಾಣುವುದಿಲ್ಲ. ಮೇಲಿನವರಿಗೆ ಅವರ ತಲೆಯೂ ಕಾಣುವುದಿಲ್ಲ.

"ಎರಡರಲ್ಲಿ ಮುಗಿದರೆ ನಮ್ಮದು, ಮೂರಾದರೆ ಸಮ" ಎಂದಳು ಬೆತಿಯಾ, ಕುಂಟುತ್ತ ಕುಳಿಯಲ್ಲಿ ನೆಟ್ಟ ಬಾವುಟದತ್ತ ಹೋಗುತ್ತ. "ನೀನು ಮೇಲೆ ತಾ, ನಾನು ಒಳಗೆ ಹಾಕ್ತೀನಿ. ಒಂದು ಎಸಳು ಆರಿಸ್ಕೋ ಹುಡುಗಿ."

ಡೇವಿನಾ ಇಳಿದಳು. ಒಳಗೆ ಗಾಳಿಯಿರಲಿಲ್ಲ, ತನ್ನ ಉಸಿರೇ ಕಿವಿಗೆ ದೊಡ್ಡದಾಗಿ ಕೇಳಿಸಿತು. ಎದುರಿನ ಏರಿನ ನೆತ್ತಿಯಲ್ಲಿ ಒಂದು ಎಸಳನ್ನು ಆರಿಸಿದಳು. ಕಾಲು ಹತ್ತಿರ, ಭಾರ ಎಡಕ್ಕೆ, ಕೈ ಮುಂದೆ. ಹೊಡೆದಳು. ಕೊನೆಯ ಗಳಿಗೆಯಲ್ಲಿ ಮಣಿಕಟ್ಟು ಮಿಡುಕಿತು. ಚೆಂಡು ಏರಿನ ಮುಕ್ಕಾಲು ಭಾಗ ಹತ್ತಿ, ನೆತ್ತಿಗೆ ಒಂದು ಗೇಣು ಇರುವಾಗ ನಿಧಾನವಾಗಿ ನಿಂತು, ಬಂದ ದಾರಿಯಲ್ಲೇ ಹಿಂದಕ್ಕೆ ಉರುಳಿ ಅವಳ ಬಲಗಾಲಿನ ತುದಿಗೆ, ಹೊರಟ ಜಾಗದಲ್ಲೇ ಬಂದು ಕೂತಿತು.

ಅವಳು ಮತ್ತೆ ಹೊಡೆದಳು.

ಆ ಹೊಡೆತ ಚೊಕ್ಕವಾಗಿತ್ತು. ಭುಜದಿಂದ ಬಂದದ್ದು. ಚೆಂಡು ಏರನ್ನು ಸವರಿಕೊಂಡು ಹೋಗಿ, ನೆತ್ತಿಯ ಆ ಎಸಳಿನ ಮೇಲೆಯೇ ಬಿದ್ದು ಮರೆಯಾಯಿತು. ಮೇಲೆ ಚಪ್ಪಾಳೆ ಸಿಡಿಯಿತು. ಶ್ರೀಮತಿ ಆಗ್ನ್ಯೂಳ "ಅಬ್ಬಾ!", ಲೀಬಿಯ ಕೂಗು, ಅವೆರಡರ ಮೇಲೆ, ಮೂವತ್ತೊಂದು ವರ್ಷಗಳಲ್ಲಿ ಡೇವಿನಾ ಒಮ್ಮೆಯೂ ಕೇಳಿರದ ಎತ್ತರದಲ್ಲಿ ಬೆತಿಯಾಳ ದನಿ:

"ಡೇವಿನಾ! ಬಾರೇ, ಬಂದು ನೋಡು! ಒಂದಡಿ! ಒಂದೇ ಅಡಿ!"

ಡೇವಿನಾ ತನ್ನ ಎಡಗೈಯನ್ನು ನೋಡಿದಳು. ಅದು ಸೊಂಟದ ಪಕ್ಕದಲ್ಲಿ ಅರ್ಧ ಬಿಚ್ಚಿಕೊಂಡು, ಮೂರನೆಯ ಚೆಂಡಿಗಾಗಿ ಕಾದಿತ್ತು.

ಆಗ ಅವಳಿಗೆ ತಿಳಿಯಿತು. ಉರುಳಿ ಬಂದ ಚೆಂಡು ಬಕೆಟ್ಟಿನದಲ್ಲ. ಅದು ಅದೇ ಚೆಂಡು, ಮತ್ತು ಆ ಹೊಡೆತ ಬೆತಿಯಾಳದು. ಸರದಿ ತಪ್ಪಿ ಹೊಡೆದರೆ ಆ ಕುಳಿಯೇ ಹೋಯಿತು, ಕುಳಿಯೊಂದಿಗೆ ಪಂದ್ಯ. ಕಡಾಯಿಯೊಳಗೆ ಅವಳನ್ನು ಬಿಟ್ಟರೆ ಒಂದು ಹಕ್ಕಿಯೂ ಇರಲಿಲ್ಲ. ಮೇಲೆ ಬೆತಿಯಾ ಮತ್ತೆ ಕೂಗಿದಳು. ಏರು ಹತ್ತಲು ಡೇವಿನಾಳಿಗೆ ಆರು ಹೆಜ್ಜೆ ಬೇಕಾಯಿತು. ಅಷ್ಟರಲ್ಲಿ ಅವಳ ಮನಸ್ಸು ಅರವತ್ತು ಸಲ ಇತ್ತಿಂದತ್ತ ಓಡಿ ಬಂತು. ಬೆತಿಯಾ ಬಾವುಟ ಹಿಡಿದು ನಿಂತಿದ್ದಳು, ಹಲ್ಲೆಲ್ಲ ಕಾಣುವಂತೆ ನಗುತ್ತ. ಆ ಮುಖವನ್ನು ನೋಡಿದರೆ ಮಾತು ಹೊರಡುವುದಿಲ್ಲವೆಂದು ಡೇವಿನಾ ಬಾವುಟವನ್ನು ನೋಡುತ್ತ ಹೇಳಿದಳು.

"ಅದು ಎರಡನೇದು. ಮೊದಲನೇದು ಉರುಳಿ ವಾಪಸ್ ಕಾಲಿಗೇ ಬಂತು. ಅದನ್ನೇ ಮತ್ತೆ ಹೊಡೆದೆ. ನಿಮ್ಮ ಹೊಡೆತ ಅದು, ಬೆತಿಯಾ. ನಾನು ಹೊಡೆದುಬಿಟ್ಟೆ."

ಲೀಬಿ ಮೃದು ಮನಸ್ಸಿನವಳು. "ನಮಗೇನೂ ಕಾಣಲಿಲ್ಲಪ್ಪ" ಎಂದಳು, ಅಕ್ಕನ ಮುಖ ನೋಡುತ್ತ.

"ಅವಳಿಗೆ ಕಾಣ್ತಲ್ಲ" ಎಂದಳು ಬೆತಿಯಾ. ನಗು ಅವಳ ಮುಖದಿಂದ ಇಳಿಯಲು ಹೊತ್ತು ಹಿಡಿಯಿತು. ಬಾವುಟವನ್ನು ರೋನಾಳ ಕೈಗೆ ಕೊಟ್ಟು, ಸೊಂಟ ಹಿಡಿದು ಬಗ್ಗಿ, ಕುಳಿಯಿಂದ ಒಂದಡಿ ದೂರದಲ್ಲಿದ್ದ ಚೆಂಡನ್ನು ತಾನೇ ಎತ್ತಿಕೊಂಡಳು. ಶ್ರೀಮತಿ ಆಗ್ನ್ಯೂಳ ಕೈ ಕುಲುಕಿದಳು, ಲೀಬಿಯ ಕೈ ಕುಲುಕಿದಳು. ಡೇವಿನಾಳ ಕೈ ಕುಲುಕದೆ ಕ್ಲಬ್ಬಿನ ಕಟ್ಟಡದತ್ತ ನಡೆದಳು.

ಏಪ್ರನ್ನುಗಳು ಬಾಗಿಲ ಹಿಂದೆ ಮೊಳೆಗೆ ತೂಗುತ್ತಿದ್ದವು. ಬೆತಿಯಾ ಅದನ್ನು ಕಟ್ಟಿದ್ದು ಕಡಿಮೆ. ಹದಿನೈದು ಪಂದ್ಯಗಳಲ್ಲಿ ಹನ್ನೊಂದು ಗೆದ್ದವಳು. ಈಗ ಹಿಂದಿನ ದಾರ ಅವಳ ಕೈಗೆ ಎಟುಕಲಿಲ್ಲ. ಡೇವಿನಾ ಕೇಳದೆಯೇ ಹಿಂದಿನಿಂದ ಗಂಟು ಹಾಕಿದಳು, ಬಿಚ್ಚಿದಳು, ಮತ್ತೆ ಹಾಕಿದಳು.

"ಒಂದೇ ಸಲ ಹಾಕೋಕೆ ಬರಲ್ವಾ ನಿನಗೆ ಏನನ್ನೂ?" ಎಂದಳು ಬೆತಿಯಾ, ತಿರುಗದೆ. ಆ ದನಿಯಲ್ಲಿ ಸಿಟ್ಟಿತ್ತು. ಡೇವಿನಾಳಿಗೆ ಅದು ಮೌನಕ್ಕಿಂತ ಹಗುರವೆನಿಸಿತು.

"ನೀವು ಹೇಳಿದ ಹಾಗೆ ಒಂದೊಂದೇ ಚೆಂಡು ಹೊಡೀಲಿಲ್ಲ. ಬಕೆಟ್ಟಲ್ಲೇ ಹೊಡೆದೆ. ಬೇಸಿಗೆ ಪೂರ್ತಿ."

"ಗೊತ್ತು. ಡಫಸ್ ಹೇಳಿದಳು. ಜೂನ್‌ನಲ್ಲೇ."

"ಗೊತ್ತಿದ್ದೂ ನನ್ನನ್ನೇ ಕರೆದಿರಾ? ರೋನಾ ಇದ್ದಳಲ್ಲ. ಅವಳಾಗಿದ್ದರೆ ಹೀಗೆ ಮಾಡ್ತಿರಲಿಲ್ಲ."

"ಮಾಡ್ತಿರಲಿಲ್ಲ" ಎಂದು ಬೆತಿಯಾ ಒಪ್ಪಿದಳು. ಬಾಗಿಲಿನಾಚೆ ರೋನಾ, ನೆಲಕ್ಕಿಟ್ಟ ಚೀಲದ ಪಕ್ಕದಲ್ಲಿ, ತನ್ನನ್ನೂ ಯಾರೋ ಅಲ್ಲಿಟ್ಟಂತೆ ನಿಂತಿದ್ದಳು. "ಜುಲೈನಲ್ಲಿ ಅವಳ ಜೊತೆ ಒಂದು ದಿನ ಆಡಿ ನೋಡಿದೆ. ಆರನೇ ಕುಳಿ ಹೊತ್ತಿಗೆ ನಿದ್ದೆ ಬಂತು. ಬಿಡು. ಕೆಟಲ್ ತಗೋ, ಜನ ಕಾಯ್ತಿದಾರೆ."

ಉದ್ದನೆಯ ಮೇಜಿನ ಮೇಲೆ ಹನ್ನೆರಡು ಕಪ್ಪುಗಳಿದ್ದವು. ಶ್ರೀಮತಿ ಆಗ್ನ್ಯೂ, ಲೀಬಿ, ಅವರ ಗಂಡಂದಿರು, ಇನ್ನಾರೋ ನೆಂಟರು ಸ್ಕೋನ್ ಬನ್ನುಗಳ ತಟ್ಟೆಯ ಸುತ್ತ ಕೂತಿದ್ದರು. ಡೇವಿನಾ ಮೊದಲ ಕಪ್ಪಿಗೆ ಬಗ್ಗಿಸಿದಳು. ಅದು ತುಂಬುವ ಮೊದಲೇ ಅವಳ ಎಡಗೈ ಎರಡನೆಯದನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಿತ್ತು. ಬೆತಿಯಾ ಆ ಮಣಿಕಟ್ಟಿನ ಮೇಲೆ ಚಮಚದಿಂದ ಪಟ್ಟನೆ ಹೊಡೆದಳು. ಗಂಡಸರು ತಲೆಯೆತ್ತಿ ನೋಡಿದರು.

"ಇದು ನನ್ನದು" ಎಂದಳು ಬೆತಿಯಾ. ಕೆಟಲನ್ನು ಕಸಿದುಕೊಂಡು, ಅವಸರವಿಲ್ಲದೆ, ಅಂಚಿನವರೆಗೂ ತುಂಬಿ, ಲೀಬಿಯ ಮುಂದಿಟ್ಟಳು. ಆಮೇಲೆ ಕೆಟಲಿನ ಹಿಡಿಯನ್ನು ಡೇವಿನಾಳ ಕಡೆಗೆ ತಿರುಗಿಸಿದಳು. "ಈಗ ನಿಂದು. ಬಗ್ಗಿಸಿ ಆದ ಮೇಲೆ ಸುಮ್ಮನೆ ನಿಂತ್ಕೋ. ಇದನ್ನಾದರೂ ಕಲಿ. ಸೊಂಟ ಸರಿಯಾದರೆ ಏಪ್ರಿಲ್‌ನಲ್ಲಿ ಹೊಸಬಳನ್ನ ಹುಡುಕಿಕೊಂಡು ಹೋಗೋಕೆ ನನಗೆ ಪುರುಸೊತ್ತಿಲ್ಲ."

ಡೇವಿನಾ ಮೂರನೆಯ ಕಪ್ಪಿಗೆ ಬಗ್ಗಿಸಿ, ಕೆಟಲನ್ನು ಮೇಜಿನ ಮೇಲಿಟ್ಟು, ಎಡಗೈಯನ್ನು ಬಲಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ನಿಂತಳು. ನಾಲ್ಕನೆಯ ಕಪ್ಪನ್ನು ಬೆತಿಯಾ ಬೇಕೆಂದೇ ಬಹಳ ನಿಧಾನವಾಗಿ ತುಂಬುತ್ತಿದ್ದಳು. ಮೇಜಿನ ಕೆಳಗಿನಿಂದ, ಅಲ್ಲಿದ್ದವರಿಗೆಲ್ಲ ಕೇಳಿಸುವಂತೆ, ಡೇವಿನಾಳ ಹಿಮ್ಮಡಿ ಹಲಗೆಯ ನೆಲವನ್ನು ಟಕಟಕ ಬಡಿಯುತ್ತಲೇ ಇತ್ತು.